ನಮ್ಮತ್ತೆಯ ಏಳನೆಯ ಬಾಣಂತನ

ನಮ್ಮ ಮಾವನವರಿಗೆ ಎದೆನೋವು ಬಂದದ್ದು ಪೊಲೀಸ್ ಆಕ್ಷನ್ ಆದ ಮರುವರ್ಷದ ಚಳಿಗಾಲದಲ್ಲಿ. ರಜಾಕಾರರ ಗಲಾಟೆಯಲ್ಲಿ ತಿಂಗಳುಗಟ್ಟಲೆ ಊರು ಬಿಟ್ಟು ಸೊಲ್ಲಾಪುರದ ಕಡೆ ಇದ್ದು ಬಂದವರು ಅವರು. ಆಗ ಒಂದು ನೆಗಡಿ ಕೂಡ ಆಗಲಿಲ್ಲ. ಎಲ್ಲ ತಣ್ಣಗಾಗಿ, ಕಮಲಾಪುರದ ನಮ್ಮ ಬಾಳೆತೋಟಕ್ಕೆ ಮತ್ತೆ ನೀರು ಹರಿದು, ಕೆಂಪು ಬಾಳೆಯ ಗೊನೆಗಳು ಇಳಿಬಿದ್ದ ಮೇಲೆ, ಒಂದು ಮುಂಜಾನೆ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತುಬಿಟ್ಟರು. “ಎದಿ ಮ್ಯಾಲ ಜ್ವಾಳದ ಚೀಲ ಇಟ್ಟಂಗ ಆಗ್ಯದ” ಎಂದರು. ಅಷ್ಟು ಸಾಕಾಯಿತು. ಊರಿನ ಗಂಡಸರು ಹುಮನಾಬಾದಿನ ಕಡೆಯಿಂದ ಬರುವ ಬಸ್ಸಿಗೆ ಅಡ್ಡ ನಿಂತು, ಮುಂದಿನ ಸೀಟು ಖಾಲಿ ಮಾಡಿಸಿ, ಅವರನ್ನು ಗುಲ್ಬರ್ಗಕ್ಕೆ ಒಯ್ದರು. ಕಲಬುರಗಿಯನ್ನು ಆಗ ಎಲ್ಲರೂ ಗುಲ್ಬರ್ಗ ಎಂದೇ ಕರೆಯುತ್ತಿದ್ದರು.

ಮೋಮಿನಪುರದಲ್ಲಿ ನಮ್ಮ ಮನೆತನದ ಡಾಕ್ಟರ್ ಸಾಹೇಬರ ದವಾಖಾನೆ ಇತ್ತು. ಸರಕಾರಿ ನೌಕರಿಯಿಂದ ನಿವೃತ್ತರಾಗಿದ್ದ ಹಿರಿಯರು, ಮಾತು ಅರ್ಧ ಕನ್ನಡ, ಅರ್ಧ ದಖ್ಖನಿ. ಅವರು ಮಾವನವರ ಎದೆಗೆ ನಳಿಗೆ ಇಟ್ಟು ನೋಡಿ, ಇದು ದಿಲ್‌ನ ದೌರಾ, ಆರು ವಾರ ಹಾಸಿಗೆಯಿಂದ ಕಾಲು ಕೆಳಗೆ ಇಡಬಾರದು, ಕೈಯೆತ್ತಿ ಮೀಸೆ ಕೂಡ ತಿರುವಬಾರದು ಎಂದು ಅಪ್ಪಣೆ ಮಾಡಿದರು. ಆ ಕಾಲದಲ್ಲಿ ಹೃದಯದ ಬೇನೆಗೆ ಮಲಗುವುದೇ ದೊಡ್ಡ ಔಷಧಿ. ಬಾಡಿಗೆ ಮೋಟಾರಿನಲ್ಲಿ ಮಲಗಿಸಿಕೊಂಡೇ ಅವರನ್ನು ಊರಿಗೆ ತಂದರು.

ಆ ಆರು ವಾರ ನಮ್ಮ ಮನೆ ನಡೆದ ರೀತಿ ನೆನೆದರೆ ಇಂದಿಗೂ ನಗು ಬರುತ್ತದೆ. ಒರಳಿನಲ್ಲಿ ಖಾರ ಕುಟ್ಟುವುದು ಬಂದ್. ತಲೆಬಾಗಿಲು ಕಿರ್ ಎನ್ನದಂತೆ ದಿನಕ್ಕೊಮ್ಮೆ ಎಣ್ಣೆ. ನಸುಕಿನಲ್ಲಿ ಕೂಗುತ್ತದೆ ಎಂದು ಆಳಿನ ಮನೆಯ ಹುಂಜವನ್ನು ಪಕ್ಕದ ಹಳ್ಳಿಗೆ ಕಳಿಸಿದರು. ನಮ್ಮತ್ತೆ ಮಾವನವರಿಗೆ ಗಂಜಿ ಕುಡಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು, ಬಂದು ಹೋಗುವವರಿಗೆಲ್ಲ ಚಹಾ ಮಾಡಿದರು. ಮಾವನವರು ಮಲಗಿಕೊಂಡೇ ಎಲ್ಲರಿಗೂ ಜೋಳದ ಚೀಲದ ಕಥೆ ಹೇಳಿದರು. ಹೇಳುತ್ತ ಹೇಳುತ್ತ ಚೀಲ ಒಂದಿದ್ದದ್ದು ಎರಡಾಯಿತು. ಎದ್ದ ಮೇಲಂತೂ ಅವರು ಆ ಬೇನೆಯ ವಿಷಯದಲ್ಲಿ ಪಂಡಿತರೇ ಆಗಿಬಿಟ್ಟರು. ಊರಲ್ಲಿ ಯಾರಿಗೆ ಎದೆ ಚುಳುಕ್ ಎಂದರೂ ಇವರನ್ನೇ ಕೇಳಲು ಬರುತ್ತಿದ್ದರು. “ಇದು ವಿಚಾರ ಮಾಡೋ ಗಂಡಸರಿಗೆ ಬರೋ ಬ್ಯಾನಿ” ಎಂದು ಮೀಸೆ ತಿರುವುತ್ತಿದ್ದರು. ಮೀಸೆಗೆ ಆಗ ಅಪ್ಪಣೆ ಸಿಕ್ಕಿತ್ತು.

ನಾನು ಆಗ ಇನ್ನೂ ಇಪ್ಪತ್ತು ತುಂಬದ ಸೊಸೆ. ಗುಲ್ಬರ್ಗದ ಗಾಜಿಪುರದಲ್ಲಿ ಹುಟ್ಟಿ ಬೆಳೆದವಳು, ಬಾಯಿ ಸ್ವಲ್ಪ ಜೋರು. ಅದಕ್ಕೆ ನಮ್ಮತ್ತೆ ನನ್ನನ್ನು ಎಂದೂ ಬಯ್ಯಲಿಲ್ಲ. “ಮಾತಾಡು ಯವ್ವಾ, ಈ ಮನ್ಯಾಗ ಒಬ್ಬರಾದ್ರೂ ಮಾತಾಡೋರು ಇರ್ಲಿ” ಎನ್ನುತ್ತಿದ್ದರು. ಅವರು ಮಾತ್ರ ಹೊರಗಿನವರ ಎದುರು ತುಟಿ ಬಿಚ್ಚುತ್ತಿರಲಿಲ್ಲ. ಅದು ಆ ಮನೆಯ ಪದ್ಧತಿ. ಪಡಸಾಲೆಗೆ ಪರ ಗಂಡಸರು ಬಂದರೆ ಹೆಂಗಸರು ಬಾಗಿಲ ಮರೆ. ಡಾಕ್ಟರರು ಬಂದರೂ ಹಾಗೆಯೇ. ಹೆಂಗಸು ತನ್ನ ಬೇನೆಯನ್ನು ಒಳಗೆ ಗಂಡನಿಗೆ ಹೇಳಬೇಕು, ಗಂಡ ಹೊರಗೆ ಹೋಗಿ ಡಾಕ್ಟರಿಗೆ ಹೇಳಬೇಕು, ಡಾಕ್ಟರು ಗಂಡನ ಕೈಗೆ ಔಷಧಿ ಕೊಡಬೇಕು.

ಎರಡು ವರ್ಷ ಕಳೆದವು. ಹೈದರಾಬಾದ್ ರಾಜ್ಯ ಇನ್ನೂ ಒಡೆದಿರಲಿಲ್ಲ, ಕಚೇರಿಯ ಕಾಗದಗಳು ಇನ್ನೂ ಉರ್ದುವಿನಲ್ಲೇ ಬರುತ್ತಿದ್ದವು. ಒಂದು ಚಳಿಗಾಲದ ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ನಮ್ಮತ್ತೆಯ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು. ಅಂಥ ಥಂಡಿಯಲ್ಲಿ ಬೆವರು! ಕೇಳಿದರೆ ಒಲೆಯ ಝಳ ಎಂದರು. ಮರುದಿನ ದವಡೆ ಸೇದುತ್ತದೆ ಎಂದರು. ಮಾವನವರು ಹಲ್ಲಿಗೆ ಲವಂಗ ಇಡಲು ಹೇಳಿದರು. ಬಾವಿಯಿಂದ ನೀರು ತರುವಾಗ ಎರಡು ಸಲ ಕೊಡ ಇಳಿಸಿ ನಿಂತದ್ದನ್ನು ನಾನು ಕಂಡೆ. ಕೊಡ ಇಳಿಸಿ ನಿಲ್ಲುವ ಹೆಂಗಸಲ್ಲ ಅವರು.

ತಿಂಗಳಿಗೊಮ್ಮೆ ಶುಕ್ರವಾರ ಡಾಕ್ಟರ್ ಸಾಹೇಬರು ಮಾವನವರನ್ನು ನೋಡಲು ಕಮಲಾಪುರಕ್ಕೆ ಬರುತ್ತಿದ್ದರು. ಹೋಗುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಒಯ್ಯುತ್ತಿದ್ದರು. ಆ ಸಲ ಮಾವನವರು, ನಮ್ಮ ಮನೆಯವಳಿಗೂ ಏನೋ ಆಗಿದೆ ಎಂದು ತಾವಾಗಿಯೇ ಮಾತು ತೆಗೆದು, ಕೇಳಿ ಬರಲು ಒಳಗೆ ಬಂದರು. ನಾನು ಅಲ್ಲೇ ತೊಗರಿಬೇಳೆ ಆರಿಸುತ್ತ ಕೂತಿದ್ದೆ.

“ಏನಾಗ್ತದ, ಲಗೂ ಹೇಳು” ಎಂದರು.

“ದವಡಿ ಸೇದ್ತದರೀ. ಬೆನ್ನ ನಡುವ ಯಾರೋ ಗುದ್ದಿದಂಗ ಆಗ್ತದ. ನೀರು ತರೋ ಮುಂದ ಉಸಿರು ಸಾಲಂಗಿಲ್ಲ. ವಾಂತಿ ಬಂದಂಗ ಆಗ್ತದ. ಕೈಯಾಗ ಜೀವನೇ ಇಲ್ಲ.”

“ಎದಿ ಮ್ಯಾಲ ಜ್ವಾಳದ ಚೀಲ ಇಟ್ಟಂಗ ಆಗ್ತದೇನು?”

“ಇಲ್ಲರೀ.”

“ಎಡಗೈ ಜೋಮು ಹಿಡೀತದೇನು?”

“ಅದೂ ಇಲ್ಲ.”

ಪಂಡಿತರ ಪರೀಕ್ಷೆ ಮುಗಿಯಿತು. ಹೊರಗೆ ಹೋಗಿ, “ಏನಿಲ್ಲರೀ ಡಾಕ್ಟರ್ ಸಾಹೇಬ್, ವಾಂತಿ ಬಂದಂಗ ಆಗ್ತದಂತ. ಹೊಟ್ಟಿದು” ಎಂದರು. ಡಾಕ್ಟರರು ಪಿತ್ತ ಎಂದು ಬಾಟಲಿಯಲ್ಲಿ ಗುಲಾಬಿ ಬಣ್ಣದ ದವಾ ಕೊಟ್ಟು, ಬಾಳೆಹಣ್ಣು ಹಿಡಿದುಕೊಂಡು ಹೋದರು. ಒಳಗಿನಿಂದ ಹೊರಟ ಮಾತು ಐದು, ಹೊರಗೆ ಮುಟ್ಟಿದ್ದು ಒಂದು. ಮಾವನವರು ಕೆಟ್ಟವರಲ್ಲ, ಹೆಂಡತಿಯ ಮೇಲೆ ಜೀವ ಇಟ್ಟವರೇ. ಹೊತ್ತಿಗೆ ಸರಿಯಾಗಿ ತಾವೇ ಚಮಚದಲ್ಲಿ ಆ ದವಾ ಕುಡಿಸಿದರು. ಬೇಳೆ ಆರಿಸುತ್ತ ಕೂತಿದ್ದ ನಾನಾದರೂ ಎದ್ದು ಉಳಿದ ನಾಲ್ಕು ಮಾತು ಹೇಳಬಹುದಿತ್ತು. ಇಷ್ಟು ದೊಡ್ಡ ಬಾಯಿಯವಳು ಅಂದು ಸುಮ್ಮನೆ ಕೂತೆ. ಅದಕ್ಕಾಗಿ ನನಗೆ ನನ್ನ ಮೇಲೆ ಇಂದಿಗೂ ಸಿಟ್ಟಿದೆ.

ಎಂಟು ದಿನ ಗುಲಾಬಿ ದವಾ ಕುಡಿದದ್ದಾಯಿತು. ಒಂಬತ್ತನೆಯ ಮುಂಜಾನೆ ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿದೆ, ನಮ್ಮತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಾರೆ. ಮುಖ ಬೂದಿಯ ಬಣ್ಣ. ಈ ಹೆಂಗಸು ಇಲ್ಲೇ, ಈ ಒಲೆಯ ಮುಂದೆಯೇ ಸಾಯುತ್ತಾಳೆ, ಸತ್ತ ಮೇಲೂ ಎಲ್ಲರೂ ಪಿತ್ತ ಎನ್ನುತ್ತಾರೆ ಎನಿಸಿತು.

ಆದರೆ ಹೊರಡುವುದು ಹೇಗೆ? ಬೇರೆಯವರ ಬೇನೆ ನೋಡಲು ಹೆಂಗಸು ಮನೆ ಬಿಟ್ಟು ಹೋಗಬಹುದಿತ್ತು. ತನ್ನ ಬೇನೆಗೆ ಹೋಗುವ ರೂಢಿ ಇರಲಿಲ್ಲ. ನಾನು ಸೀದಾ ಪಡಸಾಲೆಗೆ ಹೋಗಿ, ಗಾಜಿಪುರದಲ್ಲಿ ನಮ್ಮವ್ವ ಹಾಸಿಗೆ ಹಿಡಿದಿದ್ದಾಳೆ, ಬೀಗತಿಯ ಮುಖ ನೋಡಬೇಕು ಎಂದು ಹೇಳಿ ಕಳಿಸಿದ್ದಾಳೆ ಎಂದುಬಿಟ್ಟೆ. ಮಾವನವರು ತಕ್ಷಣ, “ಅಯ್ಯೋ, ಹೋಗಿ ಬರ್ರಿ, ಹೋಗಿ ಬರ್ರಿ” ಎಂದು ಮಗನನ್ನೂ ಜೊತೆಗೆ ಕಳಿಸಿದರು. ಮನೆಯ ಒಲೆಯನ್ನು ಓರಗಿತ್ತಿಗೆ ಒಪ್ಪಿಸಿ, ನನ್ನ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೆ. ಬಸ್ಸಿನ ಧಡಧಡದಲ್ಲಿ ನಮ್ಮತ್ತೆ ನನ್ನ ಭುಜಕ್ಕೆ ಒರಗಿಕೊಂಡೇ ಬಂದರು. ಅಷ್ಟು ವರ್ಷದಲ್ಲಿ ಅವರು ಯಾರಿಗಾದರೂ ಒರಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಸ್ಸಿಳಿದವಳು, ದಾರಿಯಲ್ಲೇ ಅತ್ತೆಯನ್ನೂ ತೋರಿಸಿಬಿಡೋಣ ಎಂದು ಯಜಮಾನರಿಗೆ ಹೇಳಿ ಮೊದಲು ದವಾಖಾನೆಗೆ ನಡೆದೆ. ಡಾಕ್ಟರ್ ಸಾಹೇಬರು ನಮ್ಮನ್ನು ಕಂಡು ಎದ್ದು ನಿಂತರು. ನಿಂತವರು ನನ್ನ ಯಜಮಾನರ ಕಡೆ ತಿರುಗಿ, “ಕ್ಯಾ ಹುವಾ? ಅಮ್ಮಾಗ ಏನು ತಕ್ಲೀಫ್?” ಎಂದರು. ನನ್ನ ಯಜಮಾನರು ಬಾಯಿ ತೆರೆದರು. ಅವರಿಗೇನು ಗೊತ್ತು, ಪಾಪ? ತೋಟದಿಂದ ಎದ್ದು ಬಂದವರು.

ನಾನು ತಡೆಯಲಿಲ್ಲ. “ಡಾಕ್ಟರ್ ಸಾಹೇಬ್ರ, ಬ್ಯಾನಿ ಇವರಿಗಿಲ್ಲರೀ, ಅವರಿಗದ. ಅವರಿಗೇ ಕೇಳ್ರಿ” ಎಂದೆ.

ಯಜಮಾನರ ಕಿವಿ ಕೆಂಪಾದವು. ಡಾಕ್ಟರರು ನಿಧಾನಕ್ಕೆ ನಮ್ಮತ್ತೆಯ ಕಡೆ ತಿರುಗಿ, “ಹೇಳ್ರಿ ಅಮ್ಮಾ, ಏನಾಗ್ಯದ?” ಎಂದರು. ನಮ್ಮತ್ತೆ ಸೆರಗು ಬಾಯಿಗೆ ಹಿಡಿದು, ಅದೆಷ್ಟು ಮೆಲ್ಲಗೆ ಹೇಳಿದರೆಂದರೆ ನನಗೇ ಸರಿಯಾಗಿ ಕೇಳಲಿಲ್ಲ: “ಏನಿಲ್ಲರೀ, ಆರಾಮ ಅದೀನಿ.”

ಎಲಾ ಎಲಾ! ಹತ್ತು ಹರದಾರಿ ದೂರ ಸುಳ್ಳು ಹೇಳಿ ಕರೆದುಕೊಂಡು ಬಂದವಳ ಪಾಡು ಏನಾಗಬೇಡ? ಆರಾಮವಂತೆ! ನನಗೆ ಅಳು, ಸಿಟ್ಟು ಎರಡೂ ಕೂಡಿ ಬಂದವು. ಕೂಸನ್ನು ಯಜಮಾನರ ಕೈಗೆ ಕೊಟ್ಟು, “ನೀವು ಸ್ವಲ್ಪ ಹೊರಗ ಹೋಗ್ರಿ” ಎಂದೆ. ಅವರು ಹೋದ ಮೇಲೆ ನಮ್ಮತ್ತೆಯ ಮುಂದೆ ನೆಲದ ಮೇಲೆ ಕೂತೆ. “ಅತ್ತಿ, ನನ್ನ ಮಾರಿ ನೋಡ್ರಿ. ಡಾಕ್ಟರು ಇಲ್ಲೇ ಇಲ್ಲ ಅಂತ ತಿಳೀರಿ. ಬಾವಿ ಕಟ್ಟಿ ಮ್ಯಾಲ ಕೂತು ನನಗ ಹೇಳೋ ಹಂಗ ಹೇಳ್ರಿ” ಎಂದೆ.

ಅವರು ನನ್ನ ಮುಖ ನೋಡಿಕೊಂಡು ಹೇಳಿದರು. ಐದೂ ಮಾತು ಹೇಳಿದರು. ಆರನೆಯದೂ ಒಂದಿತ್ತು: “ರಾತ್ರಿ ಮಲಗೋ ಮುಂದ, ನಾಳೆ ಏಳ್ತೀನೋ ಇಲ್ಲೋ ಅಂತ ಹೆದರಿಕಿ ಆಗ್ತದ ಯವ್ವಾ. ಯಾರಿಗೆ ಹೇಳಬೇಕು?” ಇದನ್ನು ನನಗೂ ಹೇಳಿರಲಿಲ್ಲ. ಡಾಕ್ಟರರು ತಲೆ ತಗ್ಗಿಸಿ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ.

ಆಮೇಲೆ ನಳಿಗೆ ಇಟ್ಟು ನೋಡುವ ಪ್ರಸಂಗ. ಮಾವನವರ ಅಂಗಿ ಬಿಚ್ಚಿಸಿ ಅರ್ಧ ತಾಸು ನೋಡಿದ್ದ ಡಾಕ್ಟರರು ಇಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು. ಕಡೆಗೆ ಒಂದು ದಾರಿ ಮಾಡಿದೆವು. ನಳಿಗೆಯ ಒಂದು ತುದಿ ಅವರ ಕಿವಿಯಲ್ಲಿ, ಇನ್ನೊಂದು ತುದಿಯ ಬಿಲ್ಲೆ ನನ್ನ ಕೈಯಲ್ಲಿ. ಅವರು ಗೋಡೆಯ ಕಡೆ ಮುಖ ಮಾಡಿ, “ಸ್ವಲ್ಪ ಕೆಳಗ ಬೇಟಿ, ಇನ್ನ ಎಡಕ್ಕ, ಹಾಂ, ಈಗ ಬೆನ್ನಿಗೆ” ಎನ್ನುತ್ತಿದ್ದರು. ನಾನು ಸೆರಗಿನೊಳಗೆ ಕೈ ಹಾಕಿ ಬಿಲ್ಲೆಯನ್ನು ಅಲ್ಲಲ್ಲಿ ಇಡುತ್ತಿದ್ದೆ. ಬಿಲ್ಲೆ ತಣ್ಣಗಿದೆ ಎಂದು ನಮ್ಮತ್ತೆ ಒಮ್ಮೆ ನಕ್ಕರು. ಡಾಕ್ಟರರು ನಗಲಿಲ್ಲ. ನಾಡಿ ಹಿಡಿದು ಬಹಳ ಹೊತ್ತು ಕೂತರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಇದು ಹೊಟ್ಟಿದಲ್ಲ ಬೇಟಿ. ನಿಮ್ಮ ಮಾವಗ ಬಂದಿತ್ತಲ್ಲ, ಅದೇ ಬೀಮಾರಿ. ಬಂದು ಎಂಟು ಹತ್ತು ದಿನ ಆಗ್ಯದ. ಇವರು ಅದರ ಮ್ಯಾಲೇ ನೀರು ಹೊತ್ತಾರ” ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. “ಇಷ್ಟು ವರ್ಷ ಹೆಂಗಸರ ಬೀಮಾರಿ ಗಂಡಸರಿಗೆ ಕೇಳಿ ದವಾ ಕೊಟ್ಟೀನಿ. ಎಷ್ಟು ಮಂದಿಗೆ ಪಿತ್ತ ಅಂದೀನೋ ಖುದಾಗೇ ಗೊತ್ತು.” ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಬಸ್ಸಿನಲ್ಲಿ ವಾಪಸ್ ಹೋಗುವ ಹಾಗಿಲ್ಲ, ಆರು ವಾರ ಮಲಗಲೇಬೇಕು ಎಂದಾಯಿತು. ನಮ್ಮತ್ತೆ ಅದನ್ನು ಕೇಳಿ ಎದ್ದೇ ನಿಂತರು. “ಹೆಂಗಸು ಆರು ವಾರ ಹಾಡಹಗಲು ಮಲಗಿದ್ರ ಮಂದಿ ಏನಂದಾರು? ಅದೂ ಬೀಗರ ಮನ್ಯಾಗ? ನನಗ ಸಾಯೋದಾದ್ರೂ ಬೇಕು, ಇದು ಬ್ಯಾಡ” ಎಂದರು. ಟಾಂಗಾದಲ್ಲಿ ನಿಧಾನವಾಗಿ ಗಾಜಿಪುರಕ್ಕೆ ಕರೆತಂದೆವು. ಬಾಗಿಲಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದ ನಮ್ಮವ್ವನನ್ನು ಕಂಡು ಯಜಮಾನರು ಬೆರಗಾದರು. ವಿಷಯ ತಿಳಿದು ನಮ್ಮವ್ವ, “ನನ್ನ ಜೀವದ ಮ್ಯಾಲ ಸುಳ್ಳು ಹೇಳಿದಿ ಏನ ಮುಂಡೇದೆ!” ಎಂದು ನನ್ನ ಬೆನ್ನಿಗೊಂದು ಕೊಟ್ಟಳು. ಕೊಟ್ಟ ಮೇಲೆ ಬೀಗತಿಯ ಮುಖ ನೋಡಿದಳು. ನೋಡಿದವಳೇ ಒಳಗೆ ಹೊರಸು ಹಾಸಲು ಹೋದಳು.

ಮಲಗುವುದಿಲ್ಲ ಎಂಬ ಹಟಕ್ಕೆ ದಾರಿ ತೋರಿಸಿದವಳು ನಮ್ಮವ್ವನೇ. “ಹೆಂಗಸು ಯಾವಾಗ ಮಲಗ್ತಾಳ? ಹಡದಾಗ. ಆವಾಗ ಯಾರರೆ ಏನರೆ ಅಂತಾರೇನು? ಬೀಗತಿ, ನಿಮ್ಮದೊಂದು ಬಾಣಂತನ ಆಗಿಹೋಗ್ಲಿ” ಎಂದಳು. ನಮ್ಮತ್ತೆಗೆ ಆಗ ಐವತ್ತರ ಹತ್ತಿರ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು, ನಗುತ್ತಲೇ ಹೊರಸಿನ ಮೇಲೆ ಕೂತರು, ಕೂತವರು ಹಾಗೆಯೇ ಮಲಗಿದರು. ಹಿಂದಿನ ವರ್ಷ ನನ್ನ ಬಾಣಂತನ ಆದದ್ದು ಅದೇ ಹೊರಸಿನ ಮೇಲೆ.

ಆದರೆ ನಮ್ಮವ್ವ ಒಂದು ಮಾತು ಹಿಡಿದಳೆಂದರೆ ಪೂರ್ತಿ ಹಿಡಿಯುವವಳು. ಮೂರನೆಯ ದಿನ ಡಾಕ್ಟರ್ ಸಾಹೇಬರು ನೋಡಲು ಬಂದಾಗ ಕೋಣೆಯ ಕಿಟಕಿ ಮುಚ್ಚಿತ್ತು. ಹೊರಸಿನ ಕೆಳಗೆ ಕೆಂಡದ ಬೋಗುಣಿ. ನಮ್ಮತ್ತೆಯ ತಲೆಗೆ, ಕಿವಿಗೆ ಬಿಗಿಯಾಗಿ ಬಟ್ಟೆ. ಕೈಯಲ್ಲಿ ತುಪ್ಪ ಸೋರುವ ಅಂಟಿನ ಉಂಡೆ, ಎದುರಿಗೆ ಬೆಳ್ಳುಳ್ಳಿ ಅನ್ನ. ಡಾಕ್ಟರರು ಹಣೆ ಹಣೆ ಬಡಿದುಕೊಂಡರು. “ಅರೇ ಅಮ್ಮಾ! ಮಲಗಸ್ರಿ ಅಂದ್ರ ಹುರೀಲಾಕತ್ತೀರಲ್ಲ! ಬೆಂಕಿ ತಗೀರಿ ಮೊದಲ!” ನಮ್ಮವ್ವನಿಗೆ ಅವಮಾನವಾಯಿತು. ತನ್ನ ಕೈಯ ಬಾಣಂತನದಲ್ಲಿ ತಪ್ಪು ಹುಡುಕಿದವರು ಆ ಓಣಿಯಲ್ಲೇ ಇರಲಿಲ್ಲ. ಕೆಂಡ ಹೋಯಿತು, ತುಪ್ಪ ಹೋಯಿತು, ಕಿಟಕಿ ತೆರೆಯಿತು. ತಲೆಯ ಬಟ್ಟೆ ಮಾತ್ರ ಬಿಚ್ಚಲು ಅವಳು ಒಪ್ಪಲಿಲ್ಲ. ಓಣಿಯ ಹೆಂಗಸರು ನೋಡಲು ಬಂದು, ಗಂಡೋ ಹೆಣ್ಣೋ ಎಂದು ಕೇಳಿ ಚಾಷ್ಟಿ ಮಾಡಿದರು. ಯಾಕೆ ಮಲಗಿದ್ದೀ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಎಂಟನೆಯ ದಿನ ಮಾವನವರು ಒಂದು ಗೊನೆ ಬಾಳೆ ಹೊರಿಸಿಕೊಂಡು ಬಂದರು. ಮಗ ಊರಿಗೆ ಹೋಗಿ ಎಲ್ಲ ಹೇಳಿದ್ದರೂ ಅವರಿಗೆ ನಂಬಿಕೆ ಇರಲಿಲ್ಲ. “ಚೀಲದ್ದು ಕೇಳೀನಿ ನಾನು. ಇಲ್ಲ ಅಂದಾಳ” ಎಂದು ನನ್ನ ಮುಂದೆ ವಾದಕ್ಕೇ ನಿಂತರು. ಒಳಗೆ ಹೋಗಲು ಹೊರಟವರನ್ನು ನಮ್ಮವ್ವ ತಡೆದಳು: ಬಾಣಂತಿ ಕೋಣೆಗೆ ಗಂಡಸರು ಬರುವಂತಿಲ್ಲ! ಹೀಗಾಗಿ ಮಾವನವರು ಬಾಗಿಲ ಪರದೆಯ ಈಚೆ ನಿಂತು, ಹೆಂಗದ, ಉಂಡಳೇನು, ನಿದ್ದಿ ಬರ್ತದೇನು, ನನ್ನ ಮ್ಯಾಲ ಸಿಟ್ಟದೇನು ಎಂದು ನನಗೆ ಹೇಳಿ ಒಳಗೆ ಕಳಿಸಿದರು. ನಾನು ಒಳಗೆ ಹೋಗಿ ಒಂದೇ ಕೇಳಿದೆ: “ಮಾವನೋರ ಮ್ಯಾಲ ಸಿಟ್ಟದೇನ್ರಿ ಅತ್ತಿ?”

“ಅವರ ಮ್ಯಾಲ ಯಾಕ? ಅವರ ಬ್ಯಾನಿ ಅವರಂಗ ಬಂತು, ನನ್ನ ಬ್ಯಾನಿ ನನ್ನಂಗ ಬಂತು” ಎಂದರು.

ಪರದೆಯಾಚೆ ಅದು ಕೇಳಿಸಿತ್ತು. ನಾನು ಹೊರಗೆ ಬಂದಾಗ ಮಾವನವರು ಹೊಸ್ತಿಲ ಮೇಲೆ ಕೂತಿದ್ದರು. “ಆ ದವಾ ನಾನೇ ಕುಡಿಸಿದೆನಲ್ಲ ಯವ್ವಾ, ಎಂಟು ದಿನ” ಎಂದರು. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಅಂದಿನಿಂದ ಅವರು ಪಂಡಿತಿಕೆ ಬಿಟ್ಟರು. ಊರಿನ ಗಂಡಸರು ಹೆಂಡತಿಯರ ಬೇನೆ ಹೇಳಿಕೊಂಡು ಬಂದರೆ, “ಆಕಿಗೇ ಕರಕೊಂಡು ಬಾ, ಆಕಿ ಹೇಳ್ಲಿ” ಎಂದು ತಿರುಗಿಸಿ ಕಳಿಸುತ್ತಿದ್ದರು. ಮೋಮಿನಪುರದ ದವಾಖಾನೆಯಲ್ಲೂ ಒಂದು ಪರದೆ ಬಂತು, ಅದರ ಹಿಂದೆ ಹೆಂಗಸರಿಗೆ ಕೂಡಲು ಒಂದು ಬೆಂಚು ಬಂತು. ಗಂಡಂದಿರು ಈಚೆ ಕೂತು ಕಾಯಬೇಕಾಯಿತು.

ನಲವತ್ತು ದಿನ ತುಂಬಿದ ಮೇಲೆ ಡಾಕ್ಟರ್ ಸಾಹೇಬರು, ಇನ್ನು ಎದ್ದು ಓಡಾಡಬಹುದು, ನೀರು ಹೊರುವುದು, ಬೀಸುವುದು ಮಾತ್ರ ಜನ್ಮಕ್ಕೂ ಬೇಡ ಎಂದರು. ನಮ್ಮತ್ತೆ ಅದಾದ ಮೇಲೆ ಹನ್ನೆರಡು ವರ್ಷ ಬದುಕಿದರು. ನನ್ನ ಇನ್ನೆರಡು ಬಾಣಂತನಗಳನ್ನು ಹೊರಸಿನ ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳಿ ಮಾಡಿಸಿದರು. ಒಳ್ಳೆಯ ವರ್ಷಗಳು ಅವು. ಇಬ್ಬರೂ ಕೂಡಿ ಎಷ್ಟು ನಕ್ಕೆವೋ ಲೆಕ್ಕವಿಲ್ಲ.

ಊರಿಗೆ ಹೊರಡುವ ಹಿಂದಿನ ಮಧ್ಯಾಹ್ನ ನಾನು ಅವರ ತಲೆ ಬಾಚುತ್ತಿದ್ದೆ. ನಲವತ್ತು ದಿನ ಬಟ್ಟೆ ಕಟ್ಟಿದ್ದ ಕೂದಲು ಸಿಕ್ಕುಗಟ್ಟಿತ್ತು. “ಮಲಗಿ ಮಲಗಿ ಬ್ಯಾಸರ ಆಗಿರಬೇಕಲ್ಲರೀ ಅತ್ತಿ?” ಎಂದು ಸುಮ್ಮನೆ ಕೇಳಿದೆ.

ಅವರು ಹೇಳಿದರು: “ಆರು ಹಡದೀನಿ. ಎರಡು ಉಳೀಲಿಲ್ಲ, ನಿನಗ ಗೊತ್ತದ. ಆ ಎರಡೂ ಸಲ ಕೂಸಿಗೆ ಮಣ್ಣು ಕೊಟ್ಟು ಬಂದ ಮರುದಿನಾನೇ ನನಗ ಎಬ್ಬಿಸಿದ್ರು. ಕೂಸೇ ಇಲ್ಲ, ಇನ್ನ ಯಾಕ ಮಲಗಬೇಕು ಅಂದ್ರು. ನನಗೂ ಖರೇ ಅನಿಸ್ತು, ಎದ್ದು ರೊಟ್ಟಿ ಬಡದೆ. ಈ ಸಲನೂ ಮಗ್ಗುಲದಾಗ ಕೂಸು ಇರಲಿಲ್ಲ ಯವ್ವಾ. ಯಾರಾದ್ರೂ ಬಂದು ಎಬ್ಬಿಸ್ತಾರ ಅಂತ ದಿನಾ ದಾರಿ ನೋಡಿದೆ. ನಲವತ್ತು ದಿನ ಯಾರೂ ಎಬ್ಬಿಸಲಿಲ್ಲ.”

ಬಾಚಣಿಗೆ ಹಿಡಿದ ನನ್ನ ಕೈ ಹಾಗೆಯೇ ನಿಂತಿತು.

“ಬಾಚು, ನಿಲ್ಲಿಸಬ್ಯಾಡ. ಹಿತಾ ಆಗ್ತದ” ಎಂದರು ನಮ್ಮತ್ತೆ.